ಸಾಮಾಜಿಕ ನ್ಯಾಯ ಸಮಿತಿಯ ಸಭೆ ಯಾವಾಗ? ವಿಧಾನಮಂಡಲದ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ವಿಧಾನಸಭೆ ಹಾಗೂ ವಿಧಾನ ಪರಿಷತ್ತಿನ ಎಲ್ಲ ಸದಸ್ಯರಿಗೆ,

ಮಾನ್ಯರೇ,

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕಾರ ರಾಜ್ಯದ ಪ್ರತಿಯೊಂದು ತಾಲ್ಲೂಕು ಪಂಚಾಯಿತಿಯಲ್ಲೂ ಜಿಲ್ಲಾ ಪಂಚಾಯಿತಿಯಲ್ಲೂ ಸಾಮಾಜಿಕ ನ್ಯಾಯ ಸಮಿತಿ ಎಂಬ ಸ್ಥಾಯಿ ಸಮಿತಿ ಇರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳ ಶೈಕ್ಷಣಿಕ, ಆರ್ಥಿಕ ಹಿತವನ್ನು ನೋಡಿಕೊಳ್ಳುವುದು, ಸಾಮಾಜಿಕ ಅನ್ಯಾಯ ಮತ್ತು ಶೋಷಣೆಯಿಂದ ಅವರನ್ನು ಕಾಪಾಡುವುದು ಆ ಸಮಿತಿಯ ಕೆಲಸ. ಅದರಲ್ಲಿ ಮಹಿಳೆಯೊಬ್ಬರೂ ಪರಿಶಿಷ್ಟ ಜಾತಿ ಅಥವಾ ಪಂಗಡದ ಸದಸ್ಯರೊಬ್ಬರೂ ಇರಲೇಬೇಕೆಂದು ಕಾನೂನೇ ಹೇಳುತ್ತದೆ. 2016ರಲ್ಲಿ ಚುನಾಯಿತವಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಈ ಸಮಿತಿಗಳು ಸಭೆ ಸೇರಿಲ್ಲ. ಸೇರಲು ಸದಸ್ಯರೇ ಇಲ್ಲ.

ಇದೇ ಅವಧಿಯಲ್ಲಿ ನಮ್ಮ ರಾಜಕಾರಣದಲ್ಲಿ ಸಾಮಾಜಿಕ ನ್ಯಾಯದ ಮಾತು ಎಂದೂ ಇಲ್ಲದಷ್ಟು ಜೋರಾಗಿ ಕೇಳಿಬಂದಿದೆ. 2022ರಲ್ಲಿ ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನು ಶೇ. 15ರಿಂದ 17ಕ್ಕೆ, ಪರಿಶಿಷ್ಟ ಪಂಗಡಗಳ ಮೀಸಲಾತಿಯನ್ನು ಶೇ. 3ರಿಂದ 7ಕ್ಕೆ ಏರಿಸಲಾಯಿತು. 2023ರ ಮಾರ್ಚ್‌ನಲ್ಲಿ, ವಿಧಾನಸಭಾ ಚುನಾವಣೆಗೆ ಕೆಲವೇ ವಾರಗಳಿರುವಾಗ, ಮುಸ್ಲಿಮರಿಗಿದ್ದ ಪ್ರವರ್ಗ 2ಬಿಯ ಶೇ. 4ನ್ನು ತೆಗೆದು ಒಕ್ಕಲಿಗರಿಗೂ ಲಿಂಗಾಯತರಿಗೂ ಹಂಚುವ ಆದೇಶ ಹೊರಬಿದ್ದು, ಸುಪ್ರೀಂ ಕೋರ್ಟಿನ ಮುಂದೆ ಹೋಗಿ ನಿಂತಿತು. 2015ರಲ್ಲಿ ಮನೆಮನೆಗೆ ಹೋಗಿ ನಡೆಸಿದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ವರದಿ 2024ರ ಫೆಬ್ರುವರಿ ಕೊನೆಯ ದಿನ ಸರ್ಕಾರದ ಕೈ ಸೇರಿತು. ಮರುವರ್ಷ ಅದನ್ನು ಬದಿಗಿಟ್ಟು ಸೆಪ್ಟೆಂಬರ್‌ನಲ್ಲಿ ಹೊಸ ಸಮೀಕ್ಷೆ ಆರಂಭಿಸಿದರು. ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನು ಅವುಗಳೊಳಗೇ ಗುಂಪುಗಳಾಗಿ ಹಂಚುವ ಒಳಮೀಸಲಾತಿಯ ತೀರ್ಮಾನವೂ 2025ರ ಆಗಸ್ಟ್‌ನಲ್ಲೇ ಆಯಿತು. ಇವುಗಳಲ್ಲಿ ಕೆಲವನ್ನು ನಾನು ಮನಸಾರೆ ಬೆಂಬಲಿಸುತ್ತೇನೆ, ಕೆಲವನ್ನು ಒಪ್ಪುವುದಿಲ್ಲ. ಆದರೆ ಇಷ್ಟೆಲ್ಲ ನಡೆಯುತ್ತಿರುವಾಗ, ಹಿಂದುಳಿದವರಿಗೂ ದಲಿತರಿಗೂ ಹೆಣ್ಣುಮಕ್ಕಳಿಗೂ ಸಂವಿಧಾನ ಈಗಾಗಲೇ ಕೊಟ್ಟಿರುವ ಸಾವಿರಾರು ಸ್ಥಾನಗಳನ್ನು ಎರಡು ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಖಾಲಿ ಬಿಟ್ಟಿವೆ ಎಂಬುದನ್ನು ನೀವು ಯಾರೂ ಗಟ್ಟಿಯಾಗಿ ಹೇಳುತ್ತಿಲ್ಲ. ಅದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

2016ರ ಚುನಾವಣೆಯಲ್ಲಿ ಸಾವಿರಕ್ಕೂ ಹೆಚ್ಚು ಜಿಲ್ಲಾ ಪಂಚಾಯಿತಿ ಸ್ಥಾನಗಳಿಗೆ, ಮೂರೂವರೆ ಸಾವಿರಕ್ಕೂ ಮಿಕ್ಕ ತಾಲ್ಲೂಕು ಪಂಚಾಯಿತಿ ಸ್ಥಾನಗಳಿಗೆ ಜನ ಮತ ಹಾಕಿದ್ದರು. ಅವುಗಳಲ್ಲಿ ಅರ್ಧದಷ್ಟು ಮಹಿಳೆಯರಿಗೆ ಮೀಸಲು. ಪರಿಶಿಷ್ಟ ಜಾತಿ, ಪಂಗಡಗಳಿಗೆ ಜನಸಂಖ್ಯೆಯ ಪ್ರಮಾಣದಲ್ಲಿ ಮೀಸಲು. ಹಿಂದುಳಿದ ವರ್ಗಗಳಿಗೆ ಕಾಯ್ದೆಯಲ್ಲಿಟ್ಟ ಪಾಲಿನಲ್ಲಿ ಶೇ. 80 ‘ಅ’ ವರ್ಗಕ್ಕೆ, ಅಂದರೆ ಬಲಾಢ್ಯರಲ್ಲದ ಸಮುದಾಯಗಳಿಗೆ ಸೇರಿದ್ದು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳಿಗೂ ಇದೇ ರೀತಿಯ ಮೀಸಲಾತಿ ಸರದಿಯಂತೆ ಅನ್ವಯಿಸುತ್ತದೆ. ವಿಧಾನಸಭೆಯಲ್ಲಿ ಹಿಂದುಳಿದ ವರ್ಗಗಳಿಗೆ ಮೀಸಲು ಕ್ಷೇತ್ರ ಇಲ್ಲ, ಮಹಿಳೆಯರಿಗೆ ಕಾಗದದ ಮೇಲೆ ಬಂದಿದ್ದರೂ ಜಾರಿಗೆ ಬಂದಿಲ್ಲ. ಮಡಿವಾಳರ, ಸವಿತಾ ಸಮಾಜದ, ಕುಂಬಾರರ, ಉಪ್ಪಾರರ ಮನೆಯ ಹೆಣ್ಣುಮಗಳೊಬ್ಬಳು ಒಂದು ಜಿಲ್ಲೆಯ ಅಥವಾ ತಾಲ್ಲೂಕಿನ ಆಡಳಿತದ ಮುಖ್ಯ ಕುರ್ಚಿಯಲ್ಲಿ ಕೂರಬಹುದಾದ ದಾರಿ ಈ ರಾಜ್ಯದಲ್ಲಿ ಇರುವುದು ಪಂಚಾಯಿತಿಯಲ್ಲಿ. ಆ ದಾರಿಯೇ ಮುಚ್ಚಿದೆ.

ತಾಲ್ಲೂಕು ಪಂಚಾಯಿತಿ ಕಚೇರಿಗಳಲ್ಲಿ ಅಧ್ಯಕ್ಷರ ಹೆಸರು ಬರೆಸಿದ ಮರದ ಫಲಕವೊಂದು ಇರುತ್ತದೆ. ಹೆಸರು, ಅಧಿಕಾರ ವಹಿಸಿಕೊಂಡ ದಿನ, ಬಿಟ್ಟ ದಿನ. ನಾನು ಆಗಾಗ ಹೋಗುವ ಕಚೇರಿಯೊಂದರ ಫಲಕದಲ್ಲಿ 1995ರಿಂದ ಈಚೆಗೆ ಹೆಸರುಗಳು ಬದಲಾಗುತ್ತ ಬಂದ ಬಗೆಯನ್ನು ನೋಡಿದರೇ ಆ ತಾಲ್ಲೂಕಿನ ಸಾಮಾಜಿಕ ಚರಿತ್ರೆ ತಿಳಿಯುತ್ತದೆ. ಮೊದಲೆರಡು ಸಾಲುಗಳಲ್ಲಿ ಊರಿನ ಹಳೆಯ ಯಜಮಾನಿಕೆಯ ಮನೆತನಗಳ ಹೆಸರು, ನಂತರ ಹೆಂಗಸರ ಹೆಸರು, ಆಮೇಲೆ ಹಿಂದೆಂದೂ ಆ ಕಚೇರಿಯ ಹೊಸ್ತಿಲು ದಾಟಿ ಒಳಗೆ ಕುರ್ಚಿ ಎಳೆದುಕೊಂಡು ಕೂತಿರದ ಕೇರಿಗಳ ಹೆಸರು. 2021ರ ನಂತರ ಅಲ್ಲಿ ‘ಆಡಳಿತಾಧಿಕಾರಿ’ ಎಂಬ ಒಂದೇ ಪದವಿದೆ. ಅದರ ಮುಂದೆ ಅಧಿಕಾರ ಬಿಟ್ಟ ದಿನದ ಅಂಕಣ ಖಾಲಿ ಇದೆ.

ಚುನಾವಣೆ ಏಕೆ ನಿಂತಿತು ಎಂಬುದನ್ನು ಕ್ರಮವಾಗಿ ನೆನಪಿಸಬೇಕಾಗಿದೆ, ಏಕೆಂದರೆ ಒಂದೊಂದು ಹಂತದಲ್ಲಿ ಒಂದೊಂದು ಕಾರಣ ಕೊಡಲಾಗಿದೆ. ಮೊದಲು ಕೋವಿಡ್, ಅದನ್ನು ಒಪ್ಪಬಹುದು. 2021ರ ಜುಲೈ ಹೊತ್ತಿಗೆ ರಾಜ್ಯ ಚುನಾವಣಾ ಆಯೋಗ ಕ್ಷೇತ್ರಗಳನ್ನು ವಿಂಗಡಿಸಿ, ಮೀಸಲಾತಿಯ ಕರಡು ಪಟ್ಟಿಯನ್ನೂ ಹೊರಡಿಸಿತ್ತು. ಅದೇ ವರ್ಷ ಸರ್ಕಾರ ತಿದ್ದುಪಡಿ ತಂದು, ಆ ಅಧಿಕಾರವನ್ನು ಆಯೋಗದಿಂದ ತೆಗೆದು ಪ್ರತ್ಯೇಕ ಸೀಮಾ ನಿರ್ಣಯ ಆಯೋಗಕ್ಕೆ ಕೊಟ್ಟಿತು. ನಿಮ್ಮ ಸದನಗಳೇ ಆ ತಿದ್ದುಪಡಿಗೆ ಒಪ್ಪಿಗೆ ಕೊಟ್ಟವು. ಮುಗಿಯುತ್ತ ಬಂದಿದ್ದ ಕೆಲಸ ಮತ್ತೆ ಮೊದಲಿಗೆ ಬಂತು. ಕೇಳಿದಷ್ಟು ಗಡುವು ಕೊಟ್ಟ ಹೈಕೋರ್ಟ್ ಕೊನೆಗೆ 2022ರ ಡಿಸೆಂಬರ್‌ನಲ್ಲಿ ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡವೆಚ್ಚ ವಿಧಿಸಿತು. 2023ರ ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು. ವಿರೋಧ ಪಕ್ಷದಲ್ಲಿದ್ದಾಗ ಈ ವಿಳಂಬವನ್ನು ಪ್ರಜಾಪ್ರಭುತ್ವದ ಕೊಲೆ ಎಂದವರು ಅಧಿಕಾರಕ್ಕೆ ಬಂದರು. ಆ ವರ್ಷದ ಕೊನೆಗೆ ಕ್ಷೇತ್ರ ವಿಂಗಡಣೆಯ ಅಧಿಸೂಚನೆ ಹೊರಟಿದೆ ಎಂದು ಸರ್ಕಾರವೇ ಹೈಕೋರ್ಟಿಗೆ ತಿಳಿಸಿತು. ಉಳಿದದ್ದು ಮೀಸಲಾತಿ ಪಟ್ಟಿ. ಅದು ಇನ್ನೂ ಉಳಿದೇ ಇದೆ.

ಐದು ವರ್ಷದ ಅವಧಿ ಮುಗಿಯುವುದರೊಳಗೆ ಚುನಾವಣೆ ಆಗಿರಬೇಕೆಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಅದರಲ್ಲಿ ಸರ್ಕಾರದ ಅನುಕೂಲಕ್ಕೆ ಜಾಗವಿಲ್ಲ. 1987ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ, ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಆಸ್ಥೆಯಿಂದ, ಜಿಲ್ಲಾ ಪರಿಷತ್ತುಗಳನ್ನು ತಂದಾಗ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನವಿತ್ತು, ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿಯಾಗಿರುತ್ತಿದ್ದರು, ಮಹಿಳೆಯರಿಗೆ ಶೇ. 25 ಸ್ಥಾನ ಮೀಸಲಾಗಿತ್ತು. ಆ ಪರಿಷತ್ತುಗಳ ಅವಧಿ 1992ರಲ್ಲಿ ಮುಗಿಯಿತು. ಮುಂದಿನ ಚುನಾವಣೆ ನಡೆದದ್ದು 1995ರಲ್ಲಿ. ನಡುವೆ ಮೂರು ವರ್ಷ ಆಡಳಿತಾಧಿಕಾರಿಗಳು. ಹೀಗೆ ಮನಬಂದಂತೆ ಮುಂದೂಡುವ ಚಾಳಿಯನ್ನು ಕಟ್ಟಿಹಾಕಲಿಕ್ಕೆಂದೇ 73ನೇ ತಿದ್ದುಪಡಿಯಲ್ಲಿ ಆ ವಿಧಿ ಸೇರಿತು. ತಿದ್ದುಪಡಿ ಆಗಷ್ಟೇ ಬರುತ್ತಿದ್ದ ಕಾಲದಲ್ಲಿ ಮೂರು ವರ್ಷ ತಡವಾದದ್ದು, ತಿದ್ದುಪಡಿ ಇರುವ ಈ ಕಾಲದಲ್ಲಿ ಅದಕ್ಕಿಂತ ದೀರ್ಘವಾಗಿದೆ.

ಹಿಂದುಳಿದ ವರ್ಗಗಳಿಗೆ ನ್ಯಾಯ ಸಿಗಬೇಕಾದ್ದರಿಂದಲೇ ತಡವಾಗುತ್ತಿದೆ ಎಂಬ ವಾದ ನನ್ನನ್ನು ಹೆಚ್ಚು ನೋಯಿಸುತ್ತದೆ. ಸ್ಥಳೀಯ ಸಂಸ್ಥೆಗಳಲ್ಲಿ ಹಿಂದುಳಿದ ವರ್ಗಗಳಿಗೆ ಮೀಸಲಾತಿ ಕೊಡಲು ಆಯಾ ಸ್ಥಳದ ರಾಜಕೀಯ ಹಿಂದುಳಿದಿರುವಿಕೆಯ ಬಗ್ಗೆ ಪ್ರತ್ಯೇಕ ಅಧ್ಯಯನ ಬೇಕು, ಒಟ್ಟು ಮೀಸಲಾತಿ ಶೇ. 50 ಮೀರಬಾರದು ಎಂದು ಸುಪ್ರೀಂ ಕೋರ್ಟ್ 2010ರ ಕೃಷ್ಣಮೂರ್ತಿ ಪ್ರಕರಣದಲ್ಲೂ 2021ರ ಮಹಾರಾಷ್ಟ್ರದ ಪ್ರಕರಣದಲ್ಲೂ ಹೇಳಿದೆ. ಆ ಅಧ್ಯಯನಕ್ಕಾಗಿ ನ್ಯಾಯಮೂರ್ತಿ ಭಕ್ತವತ್ಸಲ ಅವರ ಆಯೋಗ ರಚನೆಯಾಗಿ, 2022ರಲ್ಲೇ ವರದಿ ಕೊಟ್ಟಿತು. ನ್ಯಾಯಾಲಯ ಕೇಳಿದ ಕೆಲಸ ಆಗಿದೆ. ಮಹಾರಾಷ್ಟ್ರದಲ್ಲೂ ಇದೇ ತಕರಾರಿನ ನೆರಳಿನಲ್ಲಿ ವರ್ಷಗಟ್ಟಲೆ ಸ್ಥಳೀಯ ಚುನಾವಣೆಗಳು ನಿಂತಿದ್ದವು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ನಾಲ್ಕು ತಿಂಗಳ ಗಡುವು ಹಾಕಬೇಕಾಯಿತು. ಹಿಂದುಳಿದವರ ಪಾಲು ಎಷ್ಟು ಎಂಬ ಪ್ರಶ್ನೆ ಇತ್ಯರ್ಥವಾಗುವವರೆಗೆ ಅವರಿಗೆ ಪಾಲೇ ಬೇಡ ಎಂಬ ಸ್ಥಿತಿಯನ್ನು ಅವರ ಹೆಸರಿನಲ್ಲೇ ಮುಂದುವರಿಸುವುದು ಅನ್ಯಾಯ.

ಕುರ್ಚಿಗಳು ಖಾಲಿ ಇದ್ದರೂ ಅಧಿಕಾರ ಖಾಲಿ ಉಳಿಯುವುದಿಲ್ಲ. ಅದು ಎಲ್ಲಿಗೆ ಹೋಗಿದೆ ಎಂಬುದನ್ನು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಬಗರ್ ಹುಕುಂ ಸಾಗುವಳಿ ಸಕ್ರಮಗೊಳಿಸುವ ಸಮಿತಿಗೆ ಶಾಸಕರು ಅಧ್ಯಕ್ಷರು. ನಿವೇಶನ, ಮನೆ ಹಂಚುವ ಆಶ್ರಯ ಸಮಿತಿಗೂ ಅವರೇ. ಗಂಗಾ ಕಲ್ಯಾಣದ ಕೊಳವೆಬಾವಿಗೆ ಫಲಾನುಭವಿಗಳನ್ನು ಆಯ್ಕೆ ಮಾಡುವ ತಾಲ್ಲೂಕು ಸಮಿತಿಯಲ್ಲೂ ಅವರದೇ ಅಧ್ಯಕ್ಷತೆ. ತಾಲ್ಲೂಕು ಪಂಚಾಯಿತಿ ಇದ್ದಾಗ ಕನಿಷ್ಠ ಇನ್ನೊಂದು ಬಾಗಿಲಾದರೂ ಇತ್ತು.

ಆ ಬಾಗಿಲು ಇಲ್ಲದಾಗ ಏನಾಗುತ್ತದೆಂಬುದಕ್ಕೆ ಕೊಳವೆಬಾವಿಯ ಒಂದು ಅರ್ಜಿಯ ಹಾದಿಯನ್ನೇ ನೋಡಬಹುದು. ಒಂದೂವರೆ ಎಕರೆ ಖುಷ್ಕಿ ಜಮೀನಿರುವ, ಹಿಂದುಳಿದ ಸಣ್ಣ ಜಾತಿಯೊಂದರ ಹೆಣ್ಣುಮಗಳು ಅರ್ಜಿ ಹಾಕುತ್ತಾಳೆ. ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಸಣ್ಣ ಹಿಡುವಳಿದಾರರ ದೃಢೀಕರಣ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಎಲ್ಲವೂ ಸರಿಯಾಗಿವೆ. ಇಡೀ ತಾಲ್ಲೂಕಿಗೆ ಬಂದಿರುವ ಗುರಿ ಬೆರಳೆಣಿಕೆಯಷ್ಟು, ಅರ್ಜಿಗಳು ನೂರಾರು. ಯಾರಿಗೆ ಮೊದಲು ಎಂಬುದಕ್ಕೆ ಊರಿನವರು ಕೂತು ನೋಡಬಹುದಾದ ಪಟ್ಟಿ ಎಲ್ಲಿಯೂ ಅಂಟಿಸಿರುವುದಿಲ್ಲ. ಯೋಜನೆ ನಡೆಸುವ ಅಭಿವೃದ್ಧಿ ನಿಗಮದ ಕಚೇರಿಯಲ್ಲಿ ಕೇಳಿದರೆ ‘ಪಟ್ಟಿ ಎಂಎಲ್‌ಎ ಸಾಹೇಬರ ಕಡೆಯಿಂದ ಬರಬೇಕು’ ಎನ್ನುತ್ತಾರೆ. ಎಂಎಲ್‌ಎ ಸಾಹೇಬರ ಆಪ್ತ ಸಹಾಯಕರು ‘ನಿಮ್ಮ ಕಡೆಯ ಮುಖಂಡರ ಹತ್ತಿರ ಹೇಳಿಸಿ’ ಎನ್ನುತ್ತಾರೆ. ಅವಳ ಜಾತಿಗೆ ಆ ತಾಲ್ಲೂಕಿನಲ್ಲಿ ಮುಖಂಡನೇ ಇಲ್ಲ. ಇರುವುದು ಮೂವತ್ತು, ನಲವತ್ತು ಮನೆ. ತಾಲ್ಲೂಕು ಪಂಚಾಯಿತಿ ಸದಸ್ಯೆಯೊಬ್ಬರು ಇದ್ದಿದ್ದರೆ, ಸಾಮಾನ್ಯ ಸಭೆಯಲ್ಲಿ ಎದ್ದು ನಿಂತು ‘ನಮ್ಮ ಕ್ಷೇತ್ರಕ್ಕೆ ಮೂರು ವರ್ಷದಿಂದ ಒಂದೂ ಕೊಳವೆಬಾವಿ ಕೊಟ್ಟಿಲ್ಲ, ಅರ್ಜಿಗಳ ಪಟ್ಟಿಯನ್ನು ಸಭೆಯ ಮುಂದಿಡಿ’ ಎಂದು ಕೇಳುತ್ತಿದ್ದರು. ಆ ಪ್ರಶ್ನೆ ನಡವಳಿ ಪುಸ್ತಕದಲ್ಲಿ ದಾಖಲಾಗುತ್ತಿತ್ತು, ಅಧಿಕಾರಿ ಮುಂದಿನ ಸಭೆಗೆ ಅನುಪಾಲನಾ ವರದಿ ತರಬೇಕಾಗುತ್ತಿತ್ತು. ಕೊಳವೆಬಾವಿ ಸಿಗುತ್ತಿತ್ತೋ ಇಲ್ಲವೋ ಹೇಳಲಾರೆ. ಆದರೆ ಇಲ್ಲವೆಂದವರ ಸಹಿ ಒಂದು ಕಾಗದದ ಮೇಲೆ ಇರುತ್ತಿತ್ತು.

ಜಾತಿಯ ಪ್ರಶ್ನೆಯನ್ನು ಆಡಳಿತದ ಪ್ರಶ್ನೆಯಾಗಿ ಕಂಡು, ಅದಕ್ಕೊಂದು ಸಂಸ್ಥೆಯನ್ನೋ ನಿಯಮವನ್ನೋ ಕಟ್ಟಿಕೊಟ್ಟ ದೊಡ್ಡ ಪರಂಪರೆ ಈ ನಾಡಿನದು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ನೇಮಿಸಿದ ಲೆಸ್ಲಿ ಮಿಲ್ಲರ್ ಸಮಿತಿ, ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಭಾಗ ಹಿಂದುಳಿದ ಸಮುದಾಯಗಳಿಗೆ ಸಿಗಬೇಕೆಂದು ಸಂಖ್ಯೆಯನ್ನೂ ಗಡುವನ್ನೂ ಹಾಕಿಕೊಟ್ಟಿತು. ದೇವರಾಜ ಅರಸರ ಕಾಲದಲ್ಲಿ, ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್‌ನಿಂದ ಜಾರಿಯಾದಾಗ, ತಾಲ್ಲೂಕು ತಾಲ್ಲೂಕಿನಲ್ಲಿ ಭೂನ್ಯಾಯಮಂಡಳಿಗಳು ಕೂತವು. ಗೇಣಿದಾರ ನಮೂನೆ 7ರಲ್ಲಿ ಡಿಕ್ಲರೇಶನ್ ಹಾಕಿ, ತನ್ನ ಧಣಿಯ ಎದುರು ನಿಂತು, ತಾನೇ ಮಾತಾಡಿ, ಲಿಖಿತ ಆದೇಶ ಪಡೆದು ಹೋಗುತ್ತಿದ್ದ. ಮಂಡಳಿಗಳಲ್ಲಿ ತಪ್ಪುಗಳಾದವು, ಪ್ರಭಾವಗಳೂ ನಡೆದವು. ಆದರೂ ಲಕ್ಷಾಂತರ ಗೇಣಿದಾರರು ಭೂಮಿಯ ಒಡೆಯರಾದರು. ಹಿಂದುಳಿದ ವರ್ಗಗಳ ಕುರಿತ ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಿತು, ಎರಡೇ ವರ್ಷದಲ್ಲಿ ಅದು ಆದೇಶವಾಯಿತು. ಅರಸರು ಹುಟ್ಟಿದ ಸಮುದಾಯ ಸಂಖ್ಯೆಯಲ್ಲಿ ಎಷ್ಟು ಚಿಕ್ಕದೆಂದರೆ ಜಾತಿಯ ಮತ ಎಣಿಸಿ ಅವರು ಒಂದು ಕ್ಷೇತ್ರವನ್ನೂ ಗೆಲ್ಲುವಂತಿರಲಿಲ್ಲ.

ಇಂದು ಅದೇ ಪ್ರಶ್ನೆಗೆ ಸಿಗುತ್ತಿರುವ ಉತ್ತರ ನಿಗಮ. 2020ರ ನವೆಂಬರ್‌ನಲ್ಲಿ, ಬಸವಕಲ್ಯಾಣದ ಉಪಚುನಾವಣೆ ಎದುರಿಗಿದ್ದಾಗ, ಮರಾಠಾ ಅಭಿವೃದ್ಧಿ ನಿಗಮಕ್ಕೆ 50 ಕೋಟಿ ರೂಪಾಯಿ ಘೋಷಣೆಯಾಯಿತು. ಅದರ ಬೆನ್ನಿಗೇ ವೀರಶೈವ ಲಿಂಗಾಯತ ಅಭಿವೃದ್ಧಿ ನಿಗಮ, ಮರುವರ್ಷದ ಬಜೆಟ್ಟಿನಲ್ಲಿ ಒಕ್ಕಲಿಗ ಸಮುದಾಯ ಅಭಿವೃದ್ಧಿ ನಿಗಮ. ರಾಜ್ಯದಲ್ಲಿ ಜಾತಿಗೊಂದು ನಿಗಮ ಎಂಬಂತಾಗಿದೆ, ಇಲ್ಲದವರು ಧರಣಿ ಕೂತು ಕೇಳುತ್ತಿದ್ದಾರೆ. ನಿಗಮಕ್ಕೆ ಒಬ್ಬ ಅಧ್ಯಕ್ಷರು, ಅವರಿಗೊಂದು ಕಾರು, ಪಕ್ಷದಲ್ಲಿ ಸಚಿವ ಸ್ಥಾನ ಸಿಗದವರಿಗೆ ಸಮಾಧಾನ. ಹಳ್ಳಿಯಲ್ಲಿರುವ ಸದಸ್ಯರಿಗೆ ನಿಗಮವನ್ನು ಪ್ರಶ್ನಿಸುವ ಯಾವ ಸಭೆಯೂ ಇಲ್ಲ. ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಖಾತೆಯಿಂದ 89 ಕೋಟಿಗೂ ಹೆಚ್ಚು ಹಣ ಅಕ್ರಮವಾಗಿ ವರ್ಗಾವಣೆಯಾದದ್ದನ್ನು 2024ರಲ್ಲಿ ಮುಖ್ಯಮಂತ್ರಿಗಳೇ ಸದನದಲ್ಲಿ ಒಪ್ಪಿಕೊಂಡರು. ಅದು ಹೊರಗೆ ಬಂದದ್ದು ಲೆಕ್ಕಪರಿಶೋಧನೆಯಿಂದಲ್ಲ. ಅಲ್ಲಿಯ ನೌಕರರೊಬ್ಬರು ಜೀವ ಕಳೆದುಕೊಂಡು ಬಿಟ್ಟುಹೋದ ಪತ್ರದಿಂದ. ಆ ಹಣ ಸೇರಬೇಕಾಗಿದ್ದದ್ದು ರಾಯಚೂರು, ಬಳ್ಳಾರಿ, ಚಿತ್ರದುರ್ಗದಂಥ ಜಿಲ್ಲೆಗಳ ನಾಯಕ ಸಮುದಾಯದ ಮನೆಗಳಿಗೆ, ಕಾಡಂಚಿನ ಸೋಲಿಗರಿಗೆ, ಜೇನುಕುರುಬರಿಗೆ.

ಒಳಮೀಸಲಾತಿಯ ವಿಷಯದಲ್ಲಿ ನಡೆದದ್ದನ್ನು ನಾನು ಬಹಳ ದಿನ ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಮಾದಿಗ ಸಮುದಾಯದ ದಶಕಗಳ ಹೋರಾಟಕ್ಕೆ ಕೊನೆಗೂ ಒಂದು ನೆಲೆ ಸಿಕ್ಕಿತೆಂಬುದು ಸಂತೋಷದ ಸಂಗತಿ, ಅದನ್ನು ಯಾರೂ ಕಡಿಮೆ ಮಾಡಬಾರದು. ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ, ಪರಿಶಿಷ್ಟ ಜಾತಿಗಳಲ್ಲೇ ಅತ್ಯಂತ ಹಿಂದುಳಿದ 59 ಅಲೆಮಾರಿ ಮತ್ತು ಸೂಕ್ಷ್ಮ ಸಮುದಾಯಗಳನ್ನು ಗುರುತಿಸಿ ಅವರಿಗೆಂದೇ ಶೇ. 1 ಪ್ರತ್ಯೇಕವಾಗಿ ಇಡಬೇಕೆಂದಿತ್ತು. ಸಚಿವ ಸಂಪುಟ ಒಟ್ಟು ಶೇ. 17ನ್ನು 6, 6, 5 ಎಂದು ಮೂರು ಪಾಲು ಮಾಡಿ, ಈ 59 ಸಮುದಾಯಗಳನ್ನು ತಮಗಿಂತ ಸಂಖ್ಯೆಯಲ್ಲೂ ಸಂಘಟನೆಯಲ್ಲೂ ಬಲವಾದ ಲಂಬಾಣಿ, ಭೋವಿ, ಕೊರಮ, ಕೊರಚ ಸಮುದಾಯಗಳ ಜೊತೆ ಶೇ. 5ರಲ್ಲಿ ಸೇರಿಸಿತು. ಅಲೆಮಾರಿಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತರು. ಸಂಪುಟದಲ್ಲಿ ಅವರ ಪರವಾಗಿ ಎದ್ದುನಿಲ್ಲುವ ಅವರವರೊಬ್ಬರು ಇರಲಿಲ್ಲ, ಸದನದಲ್ಲಿಯೂ ಇಲ್ಲ. ಅವರಲ್ಲಿ ಒಬ್ಬರು ಎಂದಾದರೂ ಇಲ್ಲಿಗೆ ಬರುವುದಿದ್ದರೆ ಅದು ಗ್ರಾಮ ಪಂಚಾಯಿತಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ ಹತ್ತಿಯೇ ಬರಬೇಕು. ಜಾತಿಯ ಮಾತು ಬಂದಾಗಲೆಲ್ಲ ಸರ್ಕಾರಗಳು ಮಠಾಧೀಶರನ್ನೂ ಮಹಾಸಭಾಗಳ ಅಧ್ಯಕ್ಷರನ್ನೂ ಕರೆದು ಮಾತಾಡುತ್ತವೆ. ಮಠವೂ ಇಲ್ಲದ, ಮಹಾಸಭೆಯೂ ಇಲ್ಲದ, ಊರಾಚೆ ಗುಡಾರದಲ್ಲಿರುವ ಜಾತಿಯನ್ನು ಯಾರು ಕರೆಯಬೇಕು?

ಗ್ಯಾರಂಟಿ ಯೋಜನೆಗಳ ಬಗ್ಗೆ ನನ್ನ ನಿಲುವನ್ನು ಸ್ಪಷ್ಟಪಡಿಸುತ್ತೇನೆ. ಅವುಗಳನ್ನು ಬಿಟ್ಟಿ ಭಾಗ್ಯ ಎಂದು ಹೀಯಾಳಿಸುವವರ ಜೊತೆ ನಾನಿಲ್ಲ. ಮನೆಯೊಡತಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಬಂದಾಗ ಮಗಳ ಕಾಲೇಜು ಫೀಸು ತುಂಬಿದ್ದನ್ನು, ಶಕ್ತಿ ಯೋಜನೆಯ ಬಸ್ಸಿನಲ್ಲಿ ಹೆಂಗಸರು ಪಕ್ಕದ ಪಟ್ಟಣಕ್ಕೆ ಕೆಲಸ ಹುಡುಕಿ ಹೋದದ್ದನ್ನು ಕಣ್ಣಾರೆ ಕಂಡವರು ಹಾಗೆ ಮಾತಾಡಲಾರರು. ನನ್ನ ತಕರಾರು ಇರುವುದು ಆ ಹಣ ಬರುವ ಹಾದಿಯ ಬಗ್ಗೆ, ಬಾರದಿದ್ದಾಗ ಕೇಳುವ ಜಾಗದ ಬಗ್ಗೆ. ವರ್ಷಕ್ಕೆ ಐವತ್ತು ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಹಣ ಹರಿಯುವ ಈ ಯೋಜನೆಗಳ ಮೇಲ್ವಿಚಾರಣೆಗೆ ರಾಜ್ಯ, ಜಿಲ್ಲೆ, ತಾಲ್ಲೂಕು ಮಟ್ಟದಲ್ಲಿ ಗ್ಯಾರಂಟಿ ಅನುಷ್ಠಾನ ಸಮಿತಿಗಳನ್ನು ಮಾಡಿ, ಆಡಳಿತ ಪಕ್ಷದ ಕಾರ್ಯಕರ್ತರನ್ನು ಗೌರವಧನ ಕೊಟ್ಟು ಕೂರಿಸಲಾಗಿದೆ. ತಾಲ್ಲೂಕು ಪಂಚಾಯಿತಿಯ ಚುನಾಯಿತ ಸದಸ್ಯರು ಕೂರಬೇಕಾದ ಸಭಾಂಗಣದಲ್ಲಿ, ಯಾರೂ ಆರಿಸದ ಈ ಸಮಿತಿ ಕೂತು ಅದೇ ಅಧಿಕಾರಿಗಳಿಂದ ಪ್ರಗತಿ ಕೇಳುತ್ತದೆ. ನಾಳೆ ಸರ್ಕಾರ ಬದಲಾದರೆ ಇನ್ನೊಂದು ಪಕ್ಷದವರು ಬಂದು ಕೂರುತ್ತಾರೆ. 2025ರಲ್ಲಿ ಗೃಹಲಕ್ಷ್ಮಿಯ ಕಂತು ತಿಂಗಳುಗಟ್ಟಲೆ ತಪ್ಪಿದಾಗ ಹೆಂಗಸರು ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ಕಚೇರಿಗೂ ಬ್ಯಾಂಕಿಗೂ ಅಲೆದರು. ಇಬ್ಬರೂ ‘ಮೇಲಿಂದ ಬಂದಿಲ್ಲ’ ಎಂದರು. ತಾನು ಮತ ಹಾಕಿ ಕಳಿಸಿದ, ಅದೇ ಊರಿನ ಸಂತೆಯಲ್ಲಿ ಸಿಗುವ ಪ್ರತಿನಿಧಿಯನ್ನು ಹಿಡಿದು ನಿಲ್ಲಿಸಿ ಕೇಳುವ ಹಕ್ಕು ಅವರಿಗಿರಲಿಲ್ಲ. ಕೊಡುವವರೂ ಲೆಕ್ಕ ನೋಡುವವರೂ ಒಂದೇ ಪಕ್ಷವಾದಾಗ ಹಕ್ಕಿನ ಹಣ ಕೃಪೆಯ ಹಣವಾಗುತ್ತದೆ.

ಆ ಹಣದ ಒಂದು ಭಾಗ ಎಲ್ಲಿಂದ ಬಂತೆಂಬುದನ್ನೂ ಇಲ್ಲಿ ಹೇಳಬೇಕು. ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಬುಡಕಟ್ಟು ಉಪಯೋಜನೆಯ 2013ರ ಕಾಯ್ದೆ ಈ ರಾಜ್ಯದ ಹೆಮ್ಮೆ. ದಲಿತರ ಜನಸಂಖ್ಯೆಗೆ ತಕ್ಕ ಹಣವನ್ನು ಕಾನೂನಿನ ಬಲದಿಂದ ಎತ್ತಿಡುವುದು ಅದರ ಉದ್ದೇಶ. 2024-25ರಲ್ಲಿ ಹಾಗೆ ಎತ್ತಿಟ್ಟ 39 ಸಾವಿರ ಕೋಟಿಯಲ್ಲಿ 14 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಗ್ಯಾರಂಟಿಗಳಿಗೆ ಹೋಯಿತು. ದಲಿತ ಫಲಾನುಭವಿಗಳಿಗೇ ಹೋಗಿದೆಯಲ್ಲ ಎಂಬುದು ಸರ್ಕಾರದ ಸಮರ್ಥನೆ. ಆದರೆ ಎಲ್ಲ ಜಾತಿಯ ಹೆಂಗಸರಿಗೂ ಸಾಮಾನ್ಯ ಬೊಕ್ಕಸದಿಂದ ಸಿಗುವ 2,000 ರೂಪಾಯಿ, ದಲಿತ ಹೆಂಗಸಿಗೆ ಮಾತ್ರ ಅವಳ ಕೇರಿಯ ಅಭಿವೃದ್ಧಿಗೆಂದು ಮೀಸಲಿಟ್ಟ ಹಣದಿಂದ ಸಿಗಬೇಕೇ? ಹಾಸ್ಟೆಲಿನ ಕೋಣೆ, ಸ್ಮಶಾನದ ಜಾಗ, ಭೂ ಒಡೆತನ ಯೋಜನೆಯಲ್ಲಿ ಕೊಳ್ಳಬೇಕಿದ್ದ ಎರಡು ಎಕರೆ, ಇವೆಲ್ಲ ಆ ಹಣದಿಂದ ಆಗಬೇಕಿದ್ದ ಕೆಲಸಗಳು. ಈ ಪ್ರಶ್ನೆಯನ್ನು ಜಿಲ್ಲೆಯಲ್ಲಿ ಎತ್ತಬೇಕಾದ ವೇದಿಕೆಯ ಹೆಸರನ್ನು ಈ ಪತ್ರದ ಮೊದಲ ಸಾಲುಗಳಲ್ಲೇ ಬರೆದಿದ್ದೇನೆ.

ಜಿಲ್ಲಾ ಪಂಚಾಯಿತಿಗಳೇನು ಶುದ್ಧವಾಗಿದ್ದವೇ ಎಂದು ನೀವು ಕೇಳಬಹುದು. ಇರಲಿಲ್ಲ. ಸದಸ್ಯರೇ ಬೇನಾಮಿ ಗುತ್ತಿಗೆದಾರರಾದದ್ದು, ಅಧ್ಯಕ್ಷೆಯ ಪತಿ ಸಭೆಯಲ್ಲಿ ಕೂತು ಕಡತ ನೋಡಿದ್ದು, ಅವಿಶ್ವಾಸ ಗೊತ್ತುವಳಿಗೆ ಹೆದರಿ ಸದಸ್ಯರನ್ನು ರೆಸಾರ್ಟಿಗೆ ಕರೆದೊಯ್ದದ್ದು, ಎಲ್ಲವೂ ನಡೆದಿದೆ. ಆದರೆ ಇವುಗಳಲ್ಲಿ ಒಂದೂ ವಿಧಾನಸಭೆಗೆ ಹೊಸದಲ್ಲ, ಆ ಕಾರಣಕ್ಕೆ ವಿಧಾನಸಭಾ ಚುನಾವಣೆಯನ್ನು ಮುಂದೂಡಬೇಕೆಂದು ಯಾರೂ ಹೇಳುವುದಿಲ್ಲ. ಪತಿಯ ನೆರಳಿನಲ್ಲಿ ಮೊದಲ ವರ್ಷ ಕೂತ ಅಧ್ಯಕ್ಷೆ ಮೂರನೆಯ ವರ್ಷ ತಾನೇ ಕಾರ್ಯನಿರ್ವಹಣಾಧಿಕಾರಿಗೆ (ಇಒ) ಫೋನ್ ಮಾಡಿ ವಿವರ ಕೇಳಿದ್ದೂ ಇದೆ. ಅಂಥವರು ಬೆಳೆಯುವುದಕ್ಕೆ ಕಾಲ ಬೇಕು, ಕುರ್ಚಿ ಬೇಕು.

ನಿಮ್ಮ ಅಂಜಿಕೆಯ ಮೂಲ ಬೇರೆಯೇ ಇದೆ ಎಂದು ನಾನು ನಂಬಿದ್ದೇನೆ. ಜಿಲ್ಲಾ ಪಂಚಾಯಿತಿಯ ಗಟ್ಟಿ ಸದಸ್ಯ ಮುಂದಿನ ಚುನಾವಣೆಯಲ್ಲಿ ಟಿಕೆಟ್ ಕೇಳುತ್ತಾನೆ. ಸಿದ್ದರಾಮಯ್ಯನವರು ಸಾರ್ವಜನಿಕ ಜೀವನಕ್ಕೆ ಬಂದದ್ದು 1978ರಲ್ಲಿ ಮೈಸೂರು ತಾಲ್ಲೂಕು ಮಂಡಳಿಯ ಸದಸ್ಯರಾಗಿ. ಡಿ.ಕೆ. ಶಿವಕುಮಾರ್ ಅವರು 1985ರಲ್ಲಿ ವಿಧಾನಸಭೆಗೆ ನಿಂತು ಸೋತ ಮೇಲೆ 1987ರಲ್ಲಿ ಜಿಲ್ಲಾ ಪರಿಷತ್ತಿಗೆ ಆರಿಸಿ ಬಂದರು, ಅಲ್ಲಿಂದ 1989ರಲ್ಲಿ ಶಾಸಕರಾದರು. ನಿಮ್ಮ ಸಾಲುಗಳಲ್ಲಿ ಇಂದು ಕೂತಿರುವ ಎಷ್ಟೋ ಮಂದಿಯ ಮೊದಲ ಮೆಟ್ಟಿಲು ಇದೇ. ತಂದೆ ಶಾಸಕರೋ ಮಾವ ಮಂತ್ರಿಯೋ ಆಗಿರದವರಿಗೆ ಬೇರೆ ಮೆಟ್ಟಿಲು ಇರಲಿಲ್ಲ. ನೀವು ಹತ್ತಿಬಂದ ಮೆಟ್ಟಿಲನ್ನು ನಿಮ್ಮ ನಂತರದವರಿಗೆ ತೆಗೆದುಹಾಕುವ ಹಕ್ಕು ನಿಮಗೆ ಯಾವ ಮತದಾರನೂ ಕೊಟ್ಟಿಲ್ಲ.

ನಗರಗಳ ಸ್ಥಿತಿಯನ್ನು ಇಲ್ಲಿ ವಿಸ್ತರಿಸುವುದಿಲ್ಲ. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ, ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ ಎಂಬಷ್ಟು ಸಾಕು. 2020ರ ಡಿಸೆಂಬರ್‌ನಲ್ಲಿ ಚುನಾಯಿತವಾದ ಗ್ರಾಮ ಪಂಚಾಯಿತಿಗಳ ಐದು ವರ್ಷದ ಅವಧಿಯೂ 2026ರ ಆರಂಭಕ್ಕೆ ತೀರುವಂಥದ್ದು. ಅವುಗಳಿಗೂ ಆಡಳಿತಾಧಿಕಾರಿಗಳೇ ಗತಿಯೆಂದಾದರೆ ಹಳ್ಳಿಯಿಂದ ಜಿಲ್ಲೆಯವರೆಗೆ ಒಬ್ಬ ಚುನಾಯಿತ ಪ್ರತಿನಿಧಿಯೂ ಇಲ್ಲದ ರಾಜ್ಯ ನಮ್ಮದಾಗುತ್ತದೆ. ಚುನಾಯಿತ ಮಂಡಳಿ ಇಲ್ಲದ ಸ್ಥಳೀಯ ಸಂಸ್ಥೆಗೆ ಹದಿನೈದನೇ ಹಣಕಾಸು ಆಯೋಗದ ಅನುದಾನ ಬಿಡುಗಡೆಯಾಗುವುದಿಲ್ಲ ಎಂಬ ನಿಯಮದಿಂದ ಜಿಲ್ಲೆ, ತಾಲ್ಲೂಕುಗಳ ಪಾಲು ಈಗಾಗಲೇ ಕೈತಪ್ಪಿದೆ. ಕೇಂದ್ರ ನಮ್ಮ ಪಾಲು ಕೊಡುತ್ತಿಲ್ಲವೆಂದು ನೀವು ಮಾಡುವ ಹೋರಾಟಕ್ಕೆ ನನ್ನ ಬೆಂಬಲವಿದೆ. ಹಾಗೆಯೇ ರಾಜ್ಯವೂ ತನ್ನ ಕೆಳಗಿನವರ ಪಾಲನ್ನು ತಡೆಹಿಡಿಯಬಾರದು.

ಆದ್ದರಿಂದ ನನ್ನ ಕೋರಿಕೆಗಳನ್ನು ನೇರವಾಗಿ ಇಡುತ್ತೇನೆ. ಮೊದಲನೆಯದಾಗಿ, ಮುಂದಿನ ಅಧಿವೇಶನದ ಮೊದಲ ವಾರದಲ್ಲೇ, ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅಂತಿಮ ಮೀಸಲಾತಿ ಪಟ್ಟಿ ಯಾವ ದಿನ ರಾಜ್ಯ ಚುನಾವಣಾ ಆಯೋಗದ ಕೈ ಸೇರುತ್ತದೆಂದು ಸರ್ಕಾರದಿಂದ ದಿನಾಂಕ ಸಮೇತ ಉತ್ತರ ಪಡೆಯಿರಿ. ಹೊಸ ಸಮೀಕ್ಷೆಯ ವರದಿ ಬರಲಿ ಎಂಬ ಉತ್ತರವನ್ನು ಒಪ್ಪಬೇಡಿ, ಭಕ್ತವತ್ಸಲ ಆಯೋಗದ ವರದಿ ಕೈಯಲ್ಲಿದೆ. ಕ್ಷೇತ್ರ ವಿಂಗಡಣೆ ಮತ್ತು ಸರದಿಯ ಅಧಿಕಾರವನ್ನು 2021ಕ್ಕೆ ಮುಂಚೆ ಇದ್ದಂತೆ ಚುನಾವಣಾ ಆಯೋಗಕ್ಕೇ ಮರಳಿಸುವ ತಿದ್ದುಪಡಿ ತನ್ನಿ, ಇಲ್ಲವಾದರೆ 2031ರಲ್ಲೂ ಇದೇ ಪತ್ರವನ್ನು ಬೇರೊಬ್ಬರು ಬರೆಯಬೇಕಾಗುತ್ತದೆ. ಚುನಾವಣೆ ಮುಗಿದ ಕೂಡಲೇ ತಾಲ್ಲೂಕು ಮಟ್ಟದ ಗ್ಯಾರಂಟಿ ಅನುಷ್ಠಾನ ಸಮಿತಿಗಳನ್ನು ವಿಸರ್ಜಿಸಿ, ಆ ಮೇಲ್ವಿಚಾರಣೆಯನ್ನು ತಾಲ್ಲೂಕು ಪಂಚಾಯಿತಿಗೆ ಒಪ್ಪಿಸಿ. ಗಂಗಾ ಕಲ್ಯಾಣ, ಆಶ್ರಯ, ಬಗರ್ ಹುಕುಂ ಅರ್ಜಿಗಳ ಜ್ಯೇಷ್ಠತಾ ಪಟ್ಟಿಯನ್ನು ಪ್ರತಿ ಗ್ರಾಮ ಪಂಚಾಯಿತಿಯ ಸೂಚನಾ ಫಲಕದಲ್ಲಿ ಹಾಕುವಂತೆ ನಿಯಮ ಮಾಡಿ, ಅದರಲ್ಲಿ ತಿರಸ್ಕೃತವಾದ ಅರ್ಜಿಗಳ ಕಾರಣವೂ ಇರಲಿ. 59 ಅಲೆಮಾರಿ ಸಮುದಾಯಗಳ ಶೇ. 1ರ ಶಿಫಾರಸನ್ನು ಪುನಃ ಸಂಪುಟದ ಮುಂದೆ ತರುವಂತೆ ಉಭಯ ಸದನಗಳಲ್ಲಿ ನಿರ್ಣಯ ಮಂಡಿಸಿ.

ಇವುಗಳಲ್ಲಿ ಯಾವುದಕ್ಕೂ ಸಂವಿಧಾನ ತಿದ್ದುಪಡಿ ಬೇಡ, ಕೇಂದ್ರದ ಅನುಮತಿಯೂ ಬೇಡ. ಇದನ್ನು ಓದಿದ ಶಾಸಕರಲ್ಲಿ ಒಬ್ಬರಾದರೂ ಮೊದಲ ಕೋರಿಕೆಯನ್ನು, ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಚುಕ್ಕೆ ಗುರುತಿನ ಪ್ರಶ್ನೆಯಾಗಿ ಸಲ್ಲಿಸಿ, ಸಚಿವರ ಉತ್ತರವನ್ನು ತಮ್ಮ ಕ್ಷೇತ್ರದ ಜನರಿಗೆ ತಿಳಿಸುವರೆಂದು ಕಾಯುತ್ತಿರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಕರ್ನಾಟಕದ ಒಬ್ಬ ಮತದಾರ